ಕಾರ್ಖಾನೆಗೆ ಹೋಗುವ ಪ್ಯಾನಲ್‌ಗೆ ರಿಯಾಯಿತಿ, ರಿಪೇರಿ ಅಂಗಡಿಗೆ ಬರುವ ಪ್ಯಾನಲ್‌ಗೆ ಪೂರ್ಣ ಸುಂಕ: ಇದು ಯಾವ ಲೆಕ್ಕ?

ಗವಿಮಠ_ರಸ್ತೆ (ಕೊಪ್ಪಳ)

ಕೊಪ್ಪಳದಲ್ಲಿ ಟಿವಿ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಪರದೆ ಕತ್ತಲಾಗಿದೆ ಎಂದು ಟಿವಿ ತಂದರೆ ಮೊದಲು ಟಾರ್ಚ್ ಹಿಡಿದು ನೋಡುತ್ತೇನೆ. ಬೆಳಕಿನಲ್ಲಿ ಚಿತ್ರ ಮಸುಕಾಗಿ ಕಂಡರೆ ಬ್ಯಾಕ್‌ಲೈಟ್ ಸ್ಟ್ರಿಪ್ (ಪರದೆಯ ಹಿಂದಿನ ದೀಪದ ಪಟ್ಟಿ) ಹೋಗಿದೆ ಎಂದರ್ಥ, ಅದು ಕೆಲವು ನೂರು ರೂಪಾಯಿಯ ಸಾಮಾನು. ಆದರೆ ಪ್ಯಾನಲ್ಲೇ ಒಡೆದಿದ್ದರೆ ಗಿರಾಕಿಗೆ ನಾನು ಹೇಳುವ ಬೆಲೆ ಹೊಸ ಟಿವಿಯ ಬೆಲೆಗೆ ಹತ್ತಿರವಿರುತ್ತದೆ, ಅವರು ನನ್ನನ್ನೇ ಕಳ್ಳನಂತೆ ನೋಡುತ್ತಾರೆ.

2025ರ ಬಜೆಟ್ ದಿನ ಎಲ್ಲ ವಾಹಿನಿಗಳಲ್ಲೂ ‘ಟಿವಿ ಅಗ್ಗ, ಓಪನ್ ಸೆಲ್ ಮೇಲಿನ ಸುಂಕ ಇಳಿಕೆ’ ಎಂದು ಬಂತು. ಓಪನ್ ಸೆಲ್ ಎಂದರೆ ಬ್ಯಾಕ್‌ಲೈಟ್, ಚೌಕಟ್ಟು ಇಲ್ಲದ ಬರೀ ಪರದೆಯ ಗಾಜು. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಾಗಲಿ ಹೈದರಾಬಾದಿನ ಗುಜರಾತಿ ಗಲ್ಲಿಯಲ್ಲಾಗಲಿ ನನಗೆ ಪ್ಯಾನಲ್ ಒಂದು ರೂಪಾಯಿ ಕಡಿಮೆಗೆ ಸಿಕ್ಕಿಲ್ಲ. ಇಳಿದ ಸುಂಕ ಎಲ್ಲಿಗೆ ಹೋಯಿತು? ಬಲ್ಲವರು ತಿಳಿಸಬೇಕು.

ಓದುಗ_ದೇವದುರ್ಗ

ದೇವರು ಕೊಟ್ಟರೂ ಪೂಜಾರಿ ಕೊಡ. ಇನ್ನೇನು ವಿಚಾರಣೆ ಬೇಕು?

ಲೆಕ್ಕಪತ್ರ_ಬಳ್ಳಾರಿ

ಪೂಜಾರಿಯನ್ನು ಬೈಯುವ ಮೊದಲು ದೇವರು ಏನು ಕೊಟ್ಟ ಎಂಬುದನ್ನು ನೋಡೋಣ. 2025ರ ಬಜೆಟ್‌ನಲ್ಲಿ ಎರಡು ಬೇರೆ ಬೇರೆ ಘೋಷಣೆಗಳಿದ್ದವು, ವಾಹಿನಿಗಳು ಎರಡನ್ನೂ ಕಲಸಿಬಿಟ್ಟವು. ಮೊದಲನೆಯದು, ಶಾಲೆ ಮತ್ತು ಕಚೇರಿಗಳಲ್ಲಿ ಬಳಸುವ ಇಂಟರ‍್ಯಾಕ್ಟಿವ್ ಫ್ಲಾಟ್ ಪ್ಯಾನಲ್ (ಬೋರ್ಡಿನಂತೆ ಮುಟ್ಟಿ ಬರೆಯುವ ದೊಡ್ಡ ಪರದೆ) ಸಿದ್ಧವಾಗಿ ಬಂದರೆ ಅದರ ಮೂಲ ಸುಂಕವನ್ನು ಶೇ. 10ರಿಂದ 20ಕ್ಕೆ ಏರಿಸಿ, ಅದಕ್ಕೆ ಬೇಕಾದ ಓಪನ್ ಸೆಲ್ ಮತ್ತಿತರ ಭಾಗಗಳ ಸುಂಕವನ್ನು ಶೇ. 5ಕ್ಕೆ ಇಳಿಸಿದ್ದು. ಎರಡನೆಯದು, ಟಿವಿಯ ಓಪನ್ ಸೆಲ್ ಅನ್ನು ಇಲ್ಲಿಯೇ ತಯಾರಿಸುವವರು ತರಿಸಿಕೊಳ್ಳುವ ಬಿಡಿಭಾಗಗಳಿಗೆ ಪೂರ್ತಿ ವಿನಾಯಿತಿ ಕೊಟ್ಟದ್ದು. ಆ ಭಾಗಗಳ ಸುಂಕವನ್ನು 2023ರಲ್ಲೇ ಶೇ. 5ರಿಂದ 2.5ಕ್ಕೆ ತಂದಿದ್ದರು. ಅಂದರೆ ಇಳಿದದ್ದು ಓಪನ್ ಸೆಲ್‌ನ ಒಳಗಿನ ಭಾಗಗಳ ಮೇಲಿನ ಸುಂಕ. ನಿಮ್ಮ ಮೇಜಿನ ಮೇಲಿರುವ ಪ್ಯಾನಲ್‌ಗೂ ಅದಕ್ಕೂ ಸಂಬಂಧವಿಲ್ಲ.

ಇನ್ನೂ ಮುಖ್ಯವಾದ ಸಂಗತಿ ಬೇರೆ ಇದೆ. ಟಿವಿ ಓಪನ್ ಸೆಲ್‌ಗೆ ಸಿಗುವ ಶೇ. 5ರ ದರ ವಸ್ತುವಿಗೆ ಅಂಟಿಕೊಂಡ ದರವಲ್ಲ, ಬಳಕೆಗೆ ಅಂಟಿಕೊಂಡ ದರ. ‘ತಯಾರಿಕೆಯಲ್ಲಿ ಬಳಸಲು’ ಎಂಬ ಷರತ್ತಿನ ಮೇಲೆ ಅದು ಸಿಗುತ್ತದೆ. ಆಮದುದಾರ ರಿಯಾಯಿತಿ ದರದ ಆಮದು ನಿಯಮಗಳ ಅಡಿ ಕಸ್ಟಮ್ಸ್‌ಗೆ ಮೊದಲೇ ಮಾಹಿತಿ ಕೊಟ್ಟು, ಬಾಂಡ್ ಬರೆದುಕೊಟ್ಟು, ಮಾಲನ್ನು ಕಾರ್ಖಾನೆಯಲ್ಲಿ ಬಳಸಿದ್ದಕ್ಕೆ ಲೆಕ್ಕ ಒಪ್ಪಿಸಬೇಕು. ಬಿಡಿಭಾಗವಾಗಿ ಮಾರುವ ವ್ಯಾಪಾರಿಗೆ ಆ ಬಾಗಿಲೇ ಇಲ್ಲ. 2018ರ ಬಜೆಟ್‌ನಲ್ಲಿ ಟಿವಿ ಪ್ಯಾನಲ್ ಮತ್ತು ಇತರ ಭಾಗಗಳಿಗೆ ಹಾಕಿದ ಶೇ. 15ರ ದರ ಅವನ ಪಾಲಿಗೆ ಹಾಗೆಯೇ ಇದೆ.

ಲೆಕ್ಕ ಹಾಕಿ ನೋಡಿ. ಬಂದರಿನಲ್ಲಿ 10,000 ರೂಪಾಯಿ ಬೆಲೆಯ ಪ್ಯಾನಲ್ ಎನ್ನೋಣ. ಮೂಲ ಸುಂಕ 1,500, ಅದರ ಮೇಲೆ ಶೇ. 10ರ ಸಮಾಜ ಕಲ್ಯಾಣ ಮೇಲ್ತೆರಿಗೆ 150, ಒಟ್ಟು 11,650. ಇದರ ಮೇಲೆ ಆಮದಿನ ಜಿಎಸ್‌ಟಿಯಾದ ಶೇ. 18 ಐಜಿಎಸ್‌ಟಿ ಸೇರಿದರೆ 13,747. ಅದೇ ಶೇ. 5ರ ದರವಾಗಿದ್ದರೆ ಎಲ್ಲ ಸೇರಿ 12,449.

ಕೌಲ್‌ಬಜಾರ್_ಶೋರೂಮ್ (ಬಳ್ಳಾರಿ)

ನಿಮ್ಮ ಲೆಕ್ಕವೇ ನಿಮ್ಮ ವಾದವನ್ನು ಮುರಿಯುತ್ತದೆ. ವ್ಯತ್ಯಾಸ 1,298 ರೂಪಾಯಿ. ಬಿಡಿ ಪ್ಯಾನಲ್ ಹೊಸ ಟಿವಿಯ ಬೆಲೆ ಮುಟ್ಟುವುದಕ್ಕೆ 1,298 ರೂಪಾಯಿ ಕಾರಣವಾಗಲು ಸಾಧ್ಯವೇ? ಟಿವಿಯ ಒಟ್ಟು ವೆಚ್ಚದಲ್ಲಿ ಅರ್ಧಕ್ಕಿಂತ ಬಹಳ ಹೆಚ್ಚು ಪಾಲು ಓಪನ್ ಸೆಲ್‌ನದೇ. ಕಾರ್ಖಾನೆಯವನು ಸಾವಿರಗಟ್ಟಲೆ ಒಂದೇ ಸಲ ಹಡಗಿನಲ್ಲಿ ತರಿಸುತ್ತಾನೆ. ಬಿಡಿ ಪ್ಯಾನಲ್ ತರಿಸುವವನು ಹತ್ತು ಮಾದರಿಗಳನ್ನು ಹತ್ತಿಪ್ಪತ್ತರಂತೆ ತರಿಸಿ, ದಾರಿಯಲ್ಲಿ ಒಡೆದದ್ದರ ನಷ್ಟವನ್ನು ಉಳಿದವುಗಳ ಮೇಲೆ ಹೇರಿ, ಎರಡು ವರ್ಷ ಗೋದಾಮಿನಲ್ಲಿ ಕೊಳೆತದ್ದರ ಬಡ್ಡಿಯನ್ನೂ ಸೇರಿಸಿ ಮಾರುತ್ತಾನೆ. ಇದರಲ್ಲಿ ಸುಂಕದ ಪಾಲು ಚಿಕ್ಕದು.

ಇನ್ನೊಂದು ಮಾತು. 2020ರ ಮಧ್ಯದಿಂದ 2021ರ ಮಧ್ಯದವರೆಗೆ ಪ್ಯಾನಲ್‌ಗಳ ಅಂತರರಾಷ್ಟ್ರೀಯ ಬೆಲೆ ದುಪ್ಪಟ್ಟಾಯಿತು, 2022ರಲ್ಲಿ ಪಾತಾಳಕ್ಕೆ ಇಳಿಯಿತು. ಅಂಥ ಏರಿಳಿತದ ಮುಂದೆ ಶೇ. 5 ಏನು, 10 ಏನು? ರೂಪಾಯಿ ಕುಸಿದರಂತೂ ಬಜೆಟ್‌ನಲ್ಲಿ ಕೊಟ್ಟದ್ದು ಬಂದರಿನಲ್ಲೇ ಕರಗುತ್ತದೆ.

ಗವಿಮಠ_ರಸ್ತೆ (ಕೊಪ್ಪಳ)

ಶೋರೂಮಿನವರಿಗೆ 1,298 ಚಿಲ್ಲರೆ ಇರಬಹುದು. ಒಂದು ಪ್ಯಾನಲ್ ಕೂರಿಸಿದರೆ ನನಗೆ ಉಳಿಯುವ ಕೂಲಿ ಅದಕ್ಕಿಂತ ಕಡಿಮೆ.

ಮೂರು_ಕಂದೀಲು (ರಾಯಚೂರು)

ನನ್ನದು ಬುಡದ ಪ್ರಶ್ನೆ. ಸುಂಕ ಹಾಕುವುದು ಇಲ್ಲಿನ ತಯಾರಕನನ್ನು ಕಾಪಾಡಲು ಎನ್ನುತ್ತಾರೆ. ಟಿವಿಯ ಪ್ಯಾನಲ್ ಗಾಜನ್ನು ಭಾರತದಲ್ಲಿ ಯಾರು ತಯಾರಿಸುತ್ತಾರೆ? ಯಾರೂ ಇಲ್ಲ. ಚೀನಾದ ಬಿಒಇ, ಸಿಎಸ್‌ಒಟಿ, ಎಚ್‌ಕೆಸಿ, ತೈವಾನಿನ ಎಯುಒ, ಇನ್ನೊಲಕ್ಸ್, ಹೆಚ್ಚಾಗಿ ಇವರೇ ಉಳಿದಿರುವುದು. ಸ್ಯಾಮ್‌ಸಂಗ್ ಡಿಸ್‌ಪ್ಲೇ 2022ರಲ್ಲಿ ಎಲ್‌ಸಿಡಿಯಿಂದ ಹೊರಬಂತು, ಶಾರ್ಪ್ ತನ್ನ ಸಕಾಯ್ ಘಟಕದಲ್ಲಿ ಟಿವಿ ಪ್ಯಾನಲ್ ತಯಾರಿಕೆಯನ್ನು 2024ರಲ್ಲಿ ನಿಲ್ಲಿಸಿತು, ಎಲ್‌ಜಿ ತನ್ನ ಗ್ವಾಂಗ್‌ಝೌ ಎಲ್‌ಸಿಡಿ ಕಾರ್ಖಾನೆಯನ್ನು ಟಿಸಿಎಲ್‌ನ ಸಿಎಸ್‌ಒಟಿಗೇ ಮಾರಿತು. ಹೀಗಿರುವಾಗ ನಾವು ಕಾಪಾಡುತ್ತಿರುವುದು ಯಾರನ್ನು? ಕೂಸು ಹುಟ್ಟುವ ಮುನ್ನವೇ ಕುಲಾವಿ ಹೊಲಿದು, ಅದರ ಖರ್ಚನ್ನು ನಮ್ಮಿಂದ ವಸೂಲು ಮಾಡುತ್ತಿದ್ದಾರೆ ಅಷ್ಟೇ.

ಗಂಗಾವತಿ_ಮಿಲ್

ಕಾಪಾಡುತ್ತಿರುವುದು ಗಾಜು ಮಾಡುವವನನ್ನಲ್ಲ, ಜೋಡಿಸುವವನನ್ನು. ನಮ್ಮ ಊರಿನ ಭಾಷೆಯಲ್ಲಿ ಹೇಳುತ್ತೇನೆ. ಹೊರಗಿನಿಂದ ಭತ್ತ ಬಂದರೆ ಕಡಿಮೆ ಸುಂಕ, ಅಕ್ಕಿ ಬಂದರೆ ಹೆಚ್ಚು ಸುಂಕ ಎಂದು ಇಟ್ಟರೆ ಗಿರಣಿ ಗಂಗಾವತಿಯಲ್ಲಿ ಉಳಿಯುತ್ತದೆ; ಎರಡಕ್ಕೂ ಒಂದೇ ಸುಂಕ ಇಟ್ಟರೆ ಗಿರಣಿ ಭತ್ತ ಬೆಳೆದ ದೇಶಕ್ಕೇ ಹೋಗುತ್ತದೆ. ಭತ್ತದ ಮೇಲೆ ಹೆಚ್ಚು, ಅಕ್ಕಿಯ ಮೇಲೆ ಕಡಿಮೆ ಎಂದಾದರೆ ಅದನ್ನೇ ತಲೆಕೆಳಗಾದ ಸುಂಕ ವ್ಯವಸ್ಥೆ ಎನ್ನುವುದು. ಸಿದ್ಧ ಟಿವಿಗೆ 2017ರ ಡಿಸೆಂಬರ್‌ನಲ್ಲಿ ಶೇ. 10ರಿಂದ 20 ಮಾಡಿದರು, ಪ್ಯಾನಲ್‌ಗೆ 15, ಓಪನ್ ಸೆಲ್‌ಗೆ 5, ಅದರೊಳಗಿನ ಭಾಗಕ್ಕೆ ಸೊನ್ನೆ. ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ್ದಾರೆ, ಕುರುಡಾಗಿ ಹಾಕಿದ ಸುಂಕವಲ್ಲ.

ಮೂರು_ಕಂದೀಲು (ರಾಯಚೂರು)

ಮೆಟ್ಟಿಲು ಚೆನ್ನಾಗಿದೆ ಸ್ವಾಮಿ, ಆದರೆ ಪಕ್ಕದಲ್ಲೇ ಏಣಿ ಇಟ್ಟಿದ್ದಾರಲ್ಲ. ವಿಯೆಟ್ನಾಂ ಸೇರಿದಂತೆ ಆಗ್ನೇಯ ಏಷ್ಯಾದ ಆಸಿಯಾನ್ ಕೂಟದ ದೇಶಗಳ ಜೊತೆಗಿನ ಮುಕ್ತ ಸರಕು ಒಪ್ಪಂದ 2010ರ ಜನವರಿಯಿಂದ ಜಾರಿಯಲ್ಲಿದೆ. 2018ರಲ್ಲಿ ಪ್ಯಾನಲ್ ಸುಂಕ ಏರಿದ ಮೇಲೆ ಸ್ಯಾಮ್‌ಸಂಗ್ ಚೆನ್ನೈ ಬಳಿಯ ಟಿವಿ ತಯಾರಿಕೆಯನ್ನೇ ನಿಲ್ಲಿಸಿ ವಿಯೆಟ್ನಾಮಿನಿಂದ ಸಿದ್ಧ ಟಿವಿ ತರಿಸಲಾರಂಭಿಸಿತು. ಇಲ್ಲಿ ಭಾಗಗಳ ಮೇಲೆ ಸುಂಕ ಕಟ್ಟಿ ಜೋಡಿಸುವುದಕ್ಕಿಂತ ಅಲ್ಲಿ ಜೋಡಿಸಿ ಸುಂಕವಿಲ್ಲದೆ ತರುವುದು ಅಗ್ಗವಾಯಿತು. ಕೊನೆಗೆ 2019ರ ಸೆಪ್ಟೆಂಬರ್‌ನಲ್ಲಿ ಸರ್ಕಾರವೇ ಓಪನ್ ಸೆಲ್ ಸುಂಕವನ್ನು ಒಂದು ವರ್ಷ ಸೊನ್ನೆ ಮಾಡಬೇಕಾಯಿತು.

ಗಂಗಾವತಿ_ಮಿಲ್

ಅದರ ಮುಂದಿನ ಅಧ್ಯಾಯವನ್ನೂ ಹೇಳಿ. 2020ರ ಜುಲೈ ಕೊನೆಯಲ್ಲಿ ಬಣ್ಣದ ಟಿವಿಗಳ ಆಮದನ್ನು ‘ಮುಕ್ತ’ ಪಟ್ಟಿಯಿಂದ ‘ನಿರ್ಬಂಧಿತ’ ಪಟ್ಟಿಗೆ ಹಾಕಿದರು, ಪರವಾನಗಿ ಬೇಕಾಯಿತು. ಅದೇ ವರ್ಷದ ಸೆಪ್ಟೆಂಬರ್‌ನಿಂದ, ಮಾಲು ನಿಜಕ್ಕೂ ಒಪ್ಪಂದದ ದೇಶದಲ್ಲೇ ತಯಾರಾದದ್ದು ಎಂಬ ಪುರಾವೆಯನ್ನು ಆಮದುದಾರನೇ ಇಟ್ಟುಕೊಳ್ಳಬೇಕೆಂಬ ನಿಯಮ ಬಂತು. ಏಣಿಗೆ ಬೀಗ ಬಿತ್ತು. ಬೀಗ ಬಿದ್ದ ಮೇಲೆ, ಅಕ್ಟೋಬರ್ 1ರಿಂದ ಓಪನ್ ಸೆಲ್ ಮೇಲೆ ಶೇ. 5 ಮರಳಿ ಬಂತು.

ಹಳೇ_ಆಂಟೆನಾ (ಸಂಡೂರು)

ಎಲ್ಲರೂ 2017ರಿಂದ ಕಥೆ ಆರಂಭಿಸುತ್ತಿದ್ದೀರಿ. ಈ ದೇಶದಲ್ಲಿ ಟಿವಿಯ ಹೃದಯಭಾಗವನ್ನೇ ತಯಾರಿಸುತ್ತಿದ್ದ ಕಾಲವೊಂದಿತ್ತು ಎಂಬುದು ಯುವಕರಿಗೆ ಗೊತ್ತಿರಲಿಕ್ಕಿಲ್ಲ. 1982ರ ಏಷ್ಯನ್ ಕ್ರೀಡಾಕೂಟದ ಸಮಯದಲ್ಲಿ ಬಣ್ಣದ ಟಿವಿ ಬಂದಾಗ ಹೊರದೇಶದ ಕಿಟ್‌ಗಳನ್ನು ತಂದು ಜೋಡಿಸುತ್ತಿದ್ದರು. ಆಮೇಲಿನ ವರ್ಷಗಳಲ್ಲಿ ಸ್ಯಾಮ್‌ಟೆಲ್, ಜೆಸಿಟಿ, ವಿಡಿಯೋಕಾನ್‌ನಂಥ ಕಂಪನಿಗಳು ಪಿಕ್ಚರ್ ಟ್ಯೂಬನ್ನು ಇಲ್ಲಿಯೇ ತಯಾರಿಸಿದವು. ಬಿಡಿ ಟ್ಯೂಬ್ ಸಿಗುತ್ತಿತ್ತು, ಸಿಗದಿದ್ದರೆ ಹಳೆಯ ಟ್ಯೂಬಿಗೆ ಹೊಸ ಗನ್ (ಒಳಗಿನಿಂದ ಪರದೆಯ ಮೇಲೆ ಚಿತ್ರ ಮೂಡಿಸುವ ಭಾಗ) ಕೂರಿಸಿಕೊಡುವವರಿದ್ದರು. ಒಂದು ಟಿವಿ ಹದಿನೈದು ವರ್ಷ ಬಾಳುತ್ತಿತ್ತು.

ಆ ಉದ್ಯಮಕ್ಕೆ ಮೊದಲ ಪೆಟ್ಟು ಚೀನಾದಿಂದ ಬೀಳಲಿಲ್ಲ, ಥಾಯ್ಲೆಂಡಿನಿಂದ ಬಿತ್ತು. 2004ರ ಸೆಪ್ಟೆಂಬರ್‌ನಲ್ಲಿ ಭಾರತ ಮತ್ತು ಥಾಯ್ಲೆಂಡ್ 82 ಸರಕುಗಳ ಮೇಲೆ ಹಂತಹಂತವಾಗಿ ಸುಂಕ ತೆಗೆಯಲು ಒಪ್ಪಿದವು, ಆ ಪಟ್ಟಿಯಲ್ಲಿ ಬಣ್ಣದ ಪಿಕ್ಚರ್ ಟ್ಯೂಬ್ ಕೂಡ ಇತ್ತು. ಸಿದ್ಧವಾದ ಟ್ಯೂಬ್ ಸುಂಕವಿಲ್ಲದೆ ಒಳಬಂತು. ಟ್ಯೂಬ್ ಮಾಡಲು ಬೇಕಾದ ಕಚ್ಚಾ ಸಾಮಗ್ರಿಗೆ ಮಾತ್ರ ನಮ್ಮ ತಯಾರಕ ಸುಂಕ ಕಟ್ಟುತ್ತಲೇ ಇದ್ದ. ಅದರ ಬೆನ್ನಿಗೇ ಚಪ್ಪಟೆ ಪರದೆ ಬಂದು ಉಳಿದದ್ದನ್ನೂ ಮುಗಿಸಿತು. ಸುಂಕದಿಂದ ಏನೂ ಆಗುವುದಿಲ್ಲ ಎನ್ನುವವರು ಆ ಕಾರ್ಖಾನೆಗಳ ಕಾರ್ಮಿಕರನ್ನು ಕೇಳಬೇಕು.

ಕೌಲ್‌ಬಜಾರ್_ಶೋರೂಮ್ (ಬಳ್ಳಾರಿ)

ಹಿರಿಯರೇ, ಥಾಯ್ಲೆಂಡ್ ಬರದಿದ್ದರೂ ಪಿಕ್ಚರ್ ಟ್ಯೂಬ್ ಸಾಯುತ್ತಿತ್ತು. 2010ರ ನಂತರ ನನ್ನ ಅಂಗಡಿಯಲ್ಲಿ ಡಬ್ಬಾ ಟಿವಿ ಕೇಳುವವರೇ ಇರಲಿಲ್ಲ. 2013ರವರೆಗೆ ದುಬೈಯಿಂದ, ಬ್ಯಾಂಕಾಕಿನಿಂದ ಬರುವವರೆಲ್ಲ ಚಪ್ಪಟೆ ಟಿವಿಯನ್ನೇ ಬಗಲಿಗೆ ಹಾಕಿಕೊಂಡು ಬರುತ್ತಿದ್ದರು. ಆ ವರ್ಷದ ಆಗಸ್ಟ್‌ನಲ್ಲಿ ಪ್ರಯಾಣಿಕರ ಸಾಮಾನಿನ ವಿನಾಯಿತಿಯಿಂದ ಅದನ್ನು ತೆಗೆದ ಮೇಲಷ್ಟೇ ನಿಂತಿತು.

ಹಳೇ_ಆಂಟೆನಾ (ಸಂಡೂರು)

ಸಾಯುವವನಿಗೂ ಹತ್ತು ವರ್ಷ ಸಮಯ ಸಿಕ್ಕಿದ್ದರೆ ಮಗನಿಗೆ ಹೊಸ ಕಸುಬು ಕಲಿಸುತ್ತಿದ್ದ. ನಾನು ಹೇಳಿದ್ದು ಅದನ್ನು.

ಸಿರುಗುಪ್ಪ_ಮೊಬೈಲ್ಸ್

ಒಂದು ಸಂದೇಹ. ಟಿವಿಯನ್ನು ಮುಕ್ಕಾಲು ಭಾಗ ಜೋಡಿಸಿ, ಹಿಂದಿನ ಕವಚ ಒಂದನ್ನು ಬಿಟ್ಟು ‘ಇದು ಬಿಡಿಭಾಗ’ ಎಂದು ತಂದರೆ ಯಾವ ದರ?

ಲೆಕ್ಕಪತ್ರ_ಬಳ್ಳಾರಿ

ಟಿವಿಯ ದರವೇ. ಸುಂಕ ಪಟ್ಟಿಯ ವ್ಯಾಖ್ಯಾನ ನಿಯಮಗಳಲ್ಲಿ 2(ಎ) ಎಂಬುದಿದೆ: ವಸ್ತು ಅಪೂರ್ಣವಾಗಿದ್ದರೂ ಪೂರ್ಣ ವಸ್ತುವಿನ ಮೂಲಭೂತ ಲಕ್ಷಣ ಅದರಲ್ಲಿದ್ದರೆ ಅದನ್ನು ಪೂರ್ಣ ವಸ್ತುವೆಂದೇ ಎಣಿಸಬೇಕು, ಬಿಚ್ಚಿ ಬಿಡಿಬಿಡಿಯಾಗಿ ತಂದರೂ ಅಷ್ಟೇ. ಈ ನಿಯಮ ಭಾರತದ್ದು ಮಾತ್ರವಲ್ಲ, ಸರಕುಗಳನ್ನು ವರ್ಗೀಕರಿಸುವ ಅಂತರರಾಷ್ಟ್ರೀಯ ಎಚ್‌ಎಸ್ ಸಂಕೇತ ಬಳಸುವ ದೇಶಗಳಿಗೆಲ್ಲ ಸಮಾನ. ಆದರೆ ಎಲ್ಲಿಯವರೆಗೆ ಎಳೆಯಬಹುದು ಎಂಬುದಕ್ಕೆ ಮಿತಿಯಿದೆ. ಸೋನಿ ಇಂಡಿಯಾ ಬಣ್ಣದ ಟಿವಿಯ ಭಾಗಗಳನ್ನು ಬೇರೆ ಬೇರೆ ಸಮಯದಲ್ಲಿ, ಬೇರೆ ಬೇರೆ ಕಂತುಗಳಲ್ಲಿ ತರಿಸಿಕೊಂಡಾಗ ಕಸ್ಟಮ್ಸ್ ಅವನ್ನೆಲ್ಲ ಕೂಡಿಸಿ ‘ಇದು ಟಿವಿಯೇ’ ಎಂದು ವಾದಿಸಿತು. 2008ರಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ಒಪ್ಪಲಿಲ್ಲ. ಭಾಗಗಳು ಒಟ್ಟಿಗೆ ಅಧಿಕಾರಿಯ ಮುಂದೆ ಬರಬೇಕು, ತಿಂಗಳುಗಳ ಅಂತರದಲ್ಲಿ ಬಂದದ್ದನ್ನು ಮನಸ್ಸಿನಲ್ಲಿ ಜೋಡಿಸಿ ಸುಂಕ ಹಾಕುವಂತಿಲ್ಲ ಎಂಬುದು ತೀರ್ಪಿನ ತಿರುಳು.

ಸಿರುಗುಪ್ಪ_ಮೊಬೈಲ್ಸ್

ಮೊಬೈಲಿನಲ್ಲಿ ಇದಕ್ಕಿಂತ ಸೂಕ್ಷ್ಮವಾದ ಜಗಳ ನಡೆದಿದೆ. 2022ರ ಆಗಸ್ಟ್‌ನಲ್ಲಿ ಕೇಂದ್ರ ಪರೋಕ್ಷ ತೆರಿಗೆ ಮಂಡಳಿ ಹೊರಡಿಸಿದ ಸುತ್ತೋಲೆಯಂತೆ ಡಿಸ್‌ಪ್ಲೇಗೆ ಬರೀ ಹಿಂಬದಿಯ ಆಧಾರ ಚೌಕಟ್ಟು ಅಂಟಿಕೊಂಡು ಬಂದರೆ ಶೇ. 10; ಅದೇ ಡಿಸ್‌ಪ್ಲೇ ಜೊತೆ ಸಿಮ್ ಟ್ರೇ, ಪವರ್ ಕೀ, ಸ್ಪೀಕರ್ ಜಾಲರಿ ಯಾವುದಾದರೂ ಒಂದು ಕೂರಿಸಿ ಬಂದರೆ ಇಡೀ ಜೋಡಣೆಗೆ ಶೇ. 15. ಒಂದು ಸಿಮ್ ಟ್ರೇಗಾಗಿ ಇಡೀ ಡಿಸ್‌ಪ್ಲೇಯ ದರ ಬದಲಾಗುತ್ತಿತ್ತು. ಆಮೇಲೆ 2024ರ ಜನವರಿಯಲ್ಲಿ ಅನೇಕ ಭಾಗಗಳ ದರವನ್ನು 15ರಿಂದ 10ಕ್ಕೆ ತಂದರು.

ತೋರಣಗಲ್ಲು_ಶಿಫ್ಟ್

ನಮ್ಮ ಕಡೆಯವರು ಇಲ್ಲಿ ಸುಂಕವನ್ನು ಬೈಯುವುದನ್ನು ನೋಡಿ ನಗು ಬರುತ್ತಿದೆ. 2025ರ ಏಪ್ರಿಲ್‌ನಲ್ಲಿ ಆಮದಾಗುವ ಚಪ್ಪಟೆ ಉಕ್ಕಿನ ಮೇಲೆ ಶೇ. 12ರ ತಾತ್ಕಾಲಿಕ ರಕ್ಷಣಾ ಸುಂಕವನ್ನು 200 ದಿನಗಳಿಗೆ ಹಾಕಿದಾಗ ಬಳ್ಳಾರಿಯಲ್ಲಿ ಯಾರೂ ‘ಗ್ರಾಹಕನಿಗೆ ಅನ್ಯಾಯ’ ಎಂದು ಕೂಗಲಿಲ್ಲ. ಉಕ್ಕಿಗೆ ರಕ್ಷಣೆ ಬೇಕು, ಟಿವಿಗೆ ಬೇಡ ಎಂದರೆ ಹೇಗೆ?

ಮೂರು_ಕಂದೀಲು (ರಾಯಚೂರು)

ಉಕ್ಕನ್ನು ನೀವು ಮಾಡುತ್ತೀರಿ. ಅದಿರು ಸಂಡೂರಿನದು, ಕುಲುಮೆ ತೋರಣಗಲ್ಲಿನದು. ಟಿವಿಯಲ್ಲಿ ನಮ್ಮದು ತಿರುಪು ಬಿಗಿಯುವ ಕೆಲಸ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ.

ಭಾನಾಪುರ_ಎಂಜಿನಿಯರ್ (ಕೊಪ್ಪಳ ಜಿಲ್ಲೆ)

ತಿರುಪು ಬಿಗಿಯುವ ಕೆಲಸ ಎಂದು ಹಗುರವಾಗಿ ಹೇಳಬೇಡಿ. ತಿರುಪತಿಯಲ್ಲಿ ಡಿಕ್ಸನ್ ಕಂಪನಿ ಟಿವಿ ಜೋಡಿಸುತ್ತದೆ, ಅದೇ ಊರಿನಲ್ಲಿ ಸಿಎಸ್‌ಒಟಿ ಡಿಸ್‌ಪ್ಲೇ ಜೋಡಣೆಯ ಘಟಕ ಹಾಕಿದೆ. ಓಪನ್ ಸೆಲ್‌ಗೆ ಬ್ಯಾಕ್‌ಲೈಟ್, ಬೆಳಕು ಹರಡುವ ಡಿಫ್ಯೂಸರ್ ಹಾಳೆ, ಚೌಕಟ್ಟು ಸೇರಿಸಿ ಪ್ಯಾನಲ್ ಮಾಡುವುದಕ್ಕೂ ಧೂಳಿಲ್ಲದ ಕೋಣೆ ಮತ್ತು ತರಬೇತಾದ ಕೈ ಬೇಕು. ಎಲ್ಲ ದೇಶಗಳೂ ಇಲ್ಲಿಂದಲೇ ಆರಂಭಿಸಿದ್ದು.

ನಮ್ಮ ಭಾನಾಪುರದ ಆಟಿಕೆ ಕ್ಲಸ್ಟರ್ ಅನ್ನೇ ನೋಡಿ. ಆಟಿಕೆಗಳ ಸುಂಕವನ್ನು 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿದರು. 2023ರ ಏರಿಕೆಯಿಂದ ಎಲೆಕ್ಟ್ರಾನಿಕ್ ಆಟಿಕೆಯ ಭಾಗಗಳನ್ನು ಮಾತ್ರ ಹೊರಗಿಟ್ಟರು, ಏಕೆಂದರೆ ಆಟಿಕೆಯೊಳಗಿನ ಎಲೆಕ್ಟ್ರಾನಿಕ್ ಚಿಪ್, ಪುಟ್ಟ ಮೋಟಾರು ಇಲ್ಲಿ ಸಾಕಷ್ಟು ತಯಾರಾಗುವುದಿಲ್ಲ. ಸಿದ್ಧ ವಸ್ತುವಿಗೆ ಗೋಡೆ, ಭಾಗಕ್ಕೆ ಬಾಗಿಲು. ಈಗ ಭಾಗ ತಯಾರಿಸುವವರಿಗೂ ನೆರವು ಕೊಡಲು 2025ರ ಮಾರ್ಚ್‌ನಲ್ಲಿ 22,919 ಕೋಟಿ ರೂಪಾಯಿಯ ಬಿಡಿಭಾಗ ತಯಾರಿಕಾ ಯೋಜನೆಗೆ ಒಪ್ಪಿಗೆ ಸಿಕ್ಕಿದೆ. ಸುಂಕವೊಂದರಿಂದಲೇ ಆಗದು ಎಂಬುದು ಸರ್ಕಾರಕ್ಕೂ ಗೊತ್ತಾಗಿದೆ.

ಓದುಗ_ದೇವದುರ್ಗ

ಹಾಗಾದರೆ ಗಾಜಿನ ಕಾರ್ಖಾನೆಯನ್ನು ರಾಯಚೂರಿಗೇ ತರಲಿ. ಕೃಷ್ಣೆಯೂ ಇದ್ದಾಳೆ, ತುಂಗಭದ್ರೆಯೂ ಇದ್ದಾಳೆ, ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಕೇಂದ್ರದಲ್ಲಿ 1,720 ಮೆಗಾವಾಟ್ ಇದೆ.

ಮೂರು_ಕಂದೀಲು (ರಾಯಚೂರು)

ಬೂದಿ ನಮಗೆ, ಕರೆಂಟು ಊರಿಗೆಲ್ಲ. ಪ್ಯಾನಲ್ ಗಾಜಿನ ಘಟಕದಲ್ಲಿ ಒಂದು ಕ್ಷಣ ವಿದ್ಯುತ್ ಹೋದರೂ ಸಾಲಿನಲ್ಲಿದ್ದ ಮಾಲು ಹಾಳಾಗುತ್ತದೆ. ನಮ್ಮ ಬಡಾವಣೆಯಲ್ಲಿ ಮಳೆಗಾಲದ ಮೊದಲ ಗಾಳಿಗೇ ಕತ್ತಲು. ಮೊದಲು ಅದನ್ನು ಸರಿಮಾಡಲಿ.

ಸಿರುಗುಪ್ಪ_ಮೊಬೈಲ್ಸ್

ಗವಿಮಠ ರಸ್ತೆಯವರು ಜಿಎಸ್‌ಟಿಯಲ್ಲಿ ರಾಜಿ ತೆರಿಗೆ ಪದ್ಧತಿಯಲ್ಲಿ (ಸಣ್ಣ ವ್ಯಾಪಾರಿಗಳಿಗಿರುವ ಕಂಪೋಸಿಷನ್ ಯೋಜನೆ) ಇದ್ದಾರೆಯೇ? ಇದ್ದರೆ ಪ್ಯಾನಲ್ ಮೇಲೆ ಕಟ್ಟಿದ ಶೇ. 18 ಅವರಿಗೆ ಮರಳಿ ಸಿಗುವುದಿಲ್ಲ, ಗಿರಾಕಿಯ ಬಿಲ್ಲಿನಲ್ಲೇ ಸೇರುತ್ತದೆ. ಇತ್ತ 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ. ಹೊಸ ಟಿವಿ ಅಗ್ಗವಾಯಿತು, ರಿಪೇರಿ ಇದ್ದಲ್ಲೇ ಇದೆ. ಅಂತರ ಇನ್ನೂ ಕಿರಿದಾಯಿತು.

ಗವಿಮಠ_ರಸ್ತೆ (ಕೊಪ್ಪಳ)

ರಾಜಿ ಪದ್ಧತಿಯಲ್ಲೇ ಇದ್ದೇನೆ. ಆ ಸೆಪ್ಟೆಂಬರ್ ಆದಮೇಲೆ 43 ಇಂಚಿನ ಟಿವಿಗೆ ಪ್ಯಾನಲ್ ಹಾಕಿಸುವವರು ಇಲ್ಲವೇ ಇಲ್ಲ ಎನ್ನಬಹುದು. ಹೀಗೆ ಬಿಟ್ಟುಹೋದ ಟಿವಿಗಳ ಸಾಲು ನನ್ನ ಅಂಗಡಿಯ ಅಟ್ಟದ ಮೇಲಿದೆ. ಎಲ್ಲವೂ ಒಳಗೆ ಸರಿಯಾಗಿವೆ, ಗಾಜೊಂದೇ ಇಲ್ಲ.

ಲೆಕ್ಕಪತ್ರ_ಬಳ್ಳಾರಿ

ಇಲ್ಲಿಯೇ ನನ್ನ ಆಕ್ಷೇಪ ಇರುವುದು. ಮೆಟ್ಟಿಲು ಕಟ್ಟಿದ್ದು ಸರಿ, ಜೋಡಣೆ ಉದ್ಯಮ ಬೆಳೆದದ್ದೂ ಸರಿ. ಆದರೆ ‘ತಯಾರಿಕೆ’ ಎಂಬ ಷರತ್ತಿನ ಪಕ್ಕದಲ್ಲಿ ‘ದುರಸ್ತಿ’ ಎಂದು ಸೇರಿಸಲು ಸರ್ಕಾರಕ್ಕೆ ಬಾರದು ಎಂದಲ್ಲ. ವಿಮಾನಗಳ ವಿಷಯದಲ್ಲಿ ಸೇರಿಸಿದ್ದಾರೆ. 2024ರ ಜುಲೈನಿಂದ ವಿಮಾನದ ಬಿಡಿಭಾಗಗಳಿಗೆ ಏಕರೂಪವಾಗಿ ಶೇ. 5 ಐಜಿಎಸ್‌ಟಿ ಮಾಡಿದರು, ದುರಸ್ತಿಗಾಗಿ ತಂದ ವಿಮಾನ ಮತ್ತು ಹಡಗಿನ ಸಾಮಗ್ರಿಯನ್ನು ಮರಳಿ ಕಳಿಸುವ ಅವಧಿಯನ್ನು ಆರು ತಿಂಗಳಿಂದ ಒಂದು ವರ್ಷಕ್ಕೆ ಏರಿಸಿದರು, ದುರಸ್ತಿ ಕೇಂದ್ರಗಳು ಇಲ್ಲಿ ಬೆಳೆಯಲಿ ಎಂದು. ವಿಮಾನದ ದುರಸ್ತಿ ಉದ್ಯಮ, ಟಿವಿಯ ದುರಸ್ತಿ ಮಾತ್ರ ವೈಯಕ್ತಿಕ ದುಃಖ! ಕಾರ್ಖಾನೆಗಳಿಗೂ ನಿಯಮ ಸಡಿಲಿಸಿದ್ದಾರೆ; 2025ರ ಬಜೆಟ್‌ನಲ್ಲಿ ರಿಯಾಯಿತಿ ಮಾಲನ್ನು ಬಳಸುವ ಗಡುವನ್ನು ಆರು ತಿಂಗಳಿಂದ ಒಂದು ವರ್ಷ ಮಾಡಿ, ತಿಂಗಳ ಲೆಕ್ಕದ ಬದಲು ಮೂರು ತಿಂಗಳಿಗೊಮ್ಮೆ ಲೆಕ್ಕ ಕೊಟ್ಟರೆ ಸಾಕು ಎಂದರು. ಬಜೆಟ್‌ಗೆ ಮುಂಚೆ ಹಣಕಾಸು ಸಚಿವಾಲಯ ಸಂಘಗಳಿಂದ ಸಲಹೆ ಪಡೆಯುತ್ತದೆ. ತಯಾರಕರ ಸಂಘಗಳು ಪ್ರತಿವರ್ಷ ಹೋಗುತ್ತವೆ, ರಿಪೇರಿಯವರ ಪರವಾಗಿ ಯಾರು ಹೋಗಿದ್ದಾರೆ?

ಕೌಲ್‌ಬಜಾರ್_ಶೋರೂಮ್ (ಬಳ್ಳಾರಿ)

ದುರಸ್ತಿಗೆ ರಿಯಾಯಿತಿ ಕೊಟ್ಟ ಮರುದಿನವೇ ಆ ಪ್ಯಾನಲ್‌ಗಳೆಲ್ಲ ಯಾವುದೋ ಶೆಡ್ಡಿಗೆ ಹೋಗಿ, ಹೆಸರಿಲ್ಲದ ಬ್ರ್ಯಾಂಡಿನ ಹೊಸ ಟಿವಿಗಳಾಗಿ, ಬಿಲ್ಲಿಲ್ಲದೆ ನನ್ನ ಅಂಗಡಿಯ ಎದುರೇ ಮಾರಾಟವಾಗುತ್ತವೆ. ಕಾರ್ಖಾನೆಯಲ್ಲಾದರೆ ಅಧಿಕಾರಿ ಹೋಗಿ ಎಣಿಸಬಹುದು. ಊರೂರಿನ ರಿಪೇರಿ ಅಂಗಡಿಗಳಲ್ಲಿ ಎಣಿಸುವವರು ಯಾರು?

ಗವಿಮಠ_ರಸ್ತೆ (ಕೊಪ್ಪಳ)

ಪ್ರತಿ ಪ್ಯಾನಲ್‌ನ ಬೆನ್ನಿಗೆ ಮಾದರಿ ಸಂಖ್ಯೆ ಮತ್ತು ಸರಣಿ ಸಂಖ್ಯೆಯ ಬಾರ್‌ಕೋಡ್ ಚೀಟಿ ಇರುತ್ತದೆ. ಹೊಸದನ್ನು ರಿಯಾಯಿತಿಯಲ್ಲಿ ಕೊಡುವಾಗ ಒಡೆದದ್ದರ ಚೀಟಿಯನ್ನು ಸ್ಕ್ಯಾನ್ ಮಾಡಿಸಿ, ಒಡೆದ ಪ್ಯಾನಲ್ಲನ್ನು ಇ-ತ್ಯಾಜ್ಯ ಸಂಗ್ರಹಕ್ಕೆ ಒಪ್ಪಿಸಿದ ರಸೀದಿ ಪಡೆಯಲಿ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಲ್ಲಿ ತಯಾರಕರಿಗೆ ಮರುಬಳಕೆಯ ಹೊಣೆ ಇದ್ದೇ ಇದೆ, ಅದಕ್ಕೇ ಇದನ್ನು ಜೋಡಿಸಬಹುದು. ಹಳೆಯ ಪ್ಯಾನಲ್ ಇಲ್ಲ ಎಂದರೆ ಪೂರ್ಣ ಸುಂಕದ ಬೆಲೆಗೇ ತೆಗೆದುಕೊಳ್ಳಲಿ.

ಸಿರುಗುಪ್ಪ_ಮೊಬೈಲ್ಸ್

ಒಪ್ಪಿದೆ. ಆದರೆ ಈ ನಿಯಮ ಬಂದ ವಾರದಲ್ಲೇ ಒಡೆದ ಪ್ಯಾನಲ್‌ಗೆ ಕಾಳಸಂತೆಯಲ್ಲಿ ದರ ನಿಗದಿಯಾಗುತ್ತದೆ. ನಿಮ್ಮ ಅಟ್ಟಕ್ಕೆ ಈಗಲೇ ಬೀಗ ಹಾಕಿಕೊಳ್ಳಿ.